ಹೊರೆಗಲ್ಲಿನ ತನಕ

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಪಟ್ಟಣದ ಹುಡುಗರು ಕೆಲವರು ಬೆನ್ನಿಗೆ ದಪ್ಪ ಚೀಲ ಕಟ್ಟಿಕೊಂಡು ನಮ್ಮ ಜಗಲಿಯ ಮುಂದೆ ನಿಂತು ನೀರು ಕೇಳಿದರು. ಗುಡ್ಡ ದಾಟಿ ಆಚೆ ಸೀಮೆಗೆ ನಡೆದು ಹೋಗುವವರಂತೆ. ಬಸ್ಸು ತಪ್ಪಿತೇ ಎಂದು ಕೇಳಿದೆ. "ಇಲ್ಲಜ್ಜಿ, ನಡೆಯೋದಕ್ಕೇ ಬಂದಿರೋದು" ಎಂದರು. ಆಚೆ ಇವರನ್ನು ಯಾರೂ ಕಾಯುತ್ತಿಲ್ಲ, ಈಚೆಯಿಂದ ಯಾರೂ ಅಟ್ಟಿಲ್ಲ, ಆದರೂ ಬಿಸಿಲಿನಲ್ಲಿ ಗುಡ್ಡ ಹತ್ತುತ್ತಾರೆ. ಹೊಟ್ಟೆ ತುಂಬಿದವರ ಆಟ ಎಂದುಕೊಂಡು ನೀರಿನ ಜೊತೆಗೆ ಒಂದೊಂದು ತುಂಡು ಬೆಲ್ಲವನ್ನೂ ಕೊಟ್ಟೆ. ಅವರಲ್ಲೊಬ್ಬ, ಮೇಲಿನಿಂದ ನೋಡುವುದಕ್ಕೆ ಚೆನ್ನಾಗಿರುತ್ತದೆಯೇ ಎಂದು ಕೇಳಿದ. ಚೆನ್ನಾಗಿರುತ್ತದೆ ಎಂದೆ. ನನಗೇನು ಗೊತ್ತು? ಆ ದಾರಿಯಲ್ಲಿ ಎಷ್ಟು ಸಲ ನಡೆದರೂ ನಾನು ತಲೆ ಎತ್ತಿ ನೋಡಿದ್ದೇ ಇಲ್ಲ. ಬರುವಾಗ ಮೈತುಂಬ ನೋವಿರುತ್ತಿತ್ತು, ಹೋಗುವಾಗ ಹೆದರಿಕೆ.

ನನ್ನ ತವರು ಹಂದನಕೆರೆ ಕಡೆಯ ಈ ಹಳ್ಳಿ. ನನ್ನನ್ನು ಕೊಟ್ಟ ಊರು ಗುಡ್ಡದ ಸಾಲಿನ ಆಚೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಬಸ್ಸಿನಲ್ಲಿ ಬರಬೇಕೆಂದರೆ ಚಿಕ್ಕನಾಯಕನಹಳ್ಳಿಯಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾದು, ಗುಡ್ಡವನ್ನು ಸುತ್ತಿಕೊಂಡು ಬರಬೇಕಿತ್ತು. ಏಟು ತಿಂದು ಮುಖ ಊದಿಸಿಕೊಂಡವಳು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂರುವುದು ಹೇಗೆ? ಪರಿಚಯದವರು ಸಿಕ್ಕರೆ ಏನೆಂದು ಹೇಳುವುದು? ಗುಡ್ಡ ಯಾರನ್ನೂ ಏನು ಎತ್ತ ಎಂದು ಕೇಳುವುದಿಲ್ಲ. ಅದಕ್ಕೇ ನಡೆಯುತ್ತಿದ್ದೆ.

ಬೆಳಕು ಹರಿಯುವಾಗ ಅಲ್ಲಿಂದ ಹೊರಟರೆ ದನ ಮನೆಗೆ ಬರುವ ಹೊತ್ತಿಗೆ ಇಲ್ಲಿರಬಹುದು. ಮೊದಲು ತೆಂಗಿನ ತೋಟಗಳ ಸಾಲು, ಆಮೇಲೆ ರಾಗಿ ಹೊಲ, ಅದು ಮುಗಿದ ಮೇಲೆ ಲಂಟಾನದ ಪೊದೆಗಳ ನಡುವೆ ಕುರಿಯವರು ಮಾಡಿದ ದಾರಿ. ಅಲ್ಲಿಂದ ಮೇಲೆ ಕೆಂಪು ಕಲ್ಲಿನ ಏರು. ಆ ಮಣ್ಣಿನಲ್ಲಿ ಕಬ್ಬಿಣ ಇದೆಯಂತೆ. ನಡೆದವರ ಕಾಲು ಮೊಣಕಾಲಿನ ತನಕ ಕೆಂಪಾಗುತ್ತಿತ್ತು, ಎಷ್ಟು ಉಜ್ಜಿದರೂ ಉಗುರಿನ ಸಂದಿಯಿಂದ ಹೋಗುತ್ತಿರಲಿಲ್ಲ. ನಮ್ಮ ಬೀದಿಯ ಹೆಂಗಸರು ನನ್ನ ಕಾಲು ನೋಡಿಯೇ, ಇವಳು ಮತ್ತೆ ಗುಡ್ಡ ಹತ್ತಿ ಬಂದಿದ್ದಾಳೆ ಎಂದು ತಿಳಿದುಕೊಳ್ಳುತ್ತಿದ್ದರು. ಏರಿನ ತುದಿಯಲ್ಲಿ ಎರಡು ಗುಡ್ಡ ಕೂಡುವ ಕಡೆ ಒಂದು ಕಣಿವೆ. ಅದರ ನೆತ್ತಿಯಲ್ಲಿ ಹೊರೆಗಲ್ಲು.

ಹೊರೆಗಲ್ಲು ಎಂದರೆ ಎರಡು ಕಲ್ಲುಕಂಬ ನೆಟ್ಟು ಮೇಲೊಂದು ಚಪ್ಪಡಿ ಇಟ್ಟದ್ದು, ಆಳೆತ್ತರದ್ದು. ತಲೆಹೊರೆ ಹೊತ್ತು ಬಂದವರು ಇನ್ನೊಬ್ಬರ ಕೈ ಕಾಯದೆ ನಿಂತ ಹಾಗೆಯೇ ಹೊರೆಯನ್ನು ಚಪ್ಪಡಿಯ ಮೇಲೆ ಜಾರಿಸಿ ದಣಿವಾರಿಸಿಕೊಳ್ಳಲಿ ಎಂದು ಹಿಂದಿನವರು ಮಾಡಿದ್ದು. ಸುಮ್ಮನೆ ಮಾಡಿದ್ದಲ್ಲ ಎನ್ನುತ್ತಿದ್ದಳು ನನ್ನ ಅಜ್ಜಿ. ಬಸುರಿ ಹೆಂಗಸು ಹೆರದೆ ಸತ್ತರೆ ಅವಳ ಹೆಸರಿನಲ್ಲಿ ಹೊರೆಗಲ್ಲು ನೆಡಿಸಬೇಕಂತೆ. ಹೊಟ್ಟೆಯ ಹೊರೆ ಇಳಿಸದೆ ಹೋದವಳಿಗೆ, ದಾರಿಹೋಕರು ತಮ್ಮ ಹೊರೆ ಇಳಿಸಿದಾಗಲೆಲ್ಲ ಅಷ್ಟಷ್ಟು ಹಗುರವಾಗುತ್ತದಂತೆ. ನಮ್ಮ ಕಣಿವೆಯ ಕಲ್ಲು ಯಾರ ಹೆಸರಿನದು ಎಂದು ಅಜ್ಜಿಗೂ ಗೊತ್ತಿರಲಿಲ್ಲ. ಆ ಬಸುರಿ ಹೇಗೆ ಸತ್ತಳೆಂದು ಯಾರೂ ಕೇಳಿದ ಹಾಗಿರಲಿಲ್ಲ.

ನನ್ನ ಗಂಡನಿಗೆ ಒಳ್ಳೆಯ ತೋಟವಿತ್ತು, ಒಳ್ಳೆಯ ಬಾವಿಯಿತ್ತು. ನೋಡುವುದಕ್ಕೂ ಚೆನ್ನಾಗಿದ್ದ. ಊರಿನವರೊಡನೆ ಮೆತ್ತಗೆ ಮಾತಾಡುತ್ತಿದ್ದ. ಮನೆಯೊಳಗೆ ಬಂದರೆ ಕೈ ಮಾತಾಡುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಒಂದು ಸಲ, ಕಡಿಮೆಯಾಯಿತು ಎಂದು ಇನ್ನೊಂದು ಸಲ. ನಮ್ಮ ಕಡೆ ಒಣಗಿದ ತೆಂಗಿನ ಮಟ್ಟೆಗೆ ಬರವೇ? ಕೈಗೆ ಸಿಕ್ಕಿದ್ದು ಅದೇ. ಮಟ್ಟೆಯ ಬುಡದ ಅಂಚು ಕತ್ತಿಯ ಹಾಗಿರುತ್ತದೆ. ಬೆನ್ನಿಗೆ ಬಿದ್ದರೆ ಚರ್ಮ ಸುಲಿದು ಬರುತ್ತದೆ. ನನ್ನ ಎಡಗಿವಿ ಈಗಲೂ ಸರಿಯಾಗಿ ಕೇಳಿಸುವುದಿಲ್ಲ. ಅದು ಒಂದು ಯುಗಾದಿಯ ಮಾರನೆಯ ದಿನದ್ದು, ಹೋಳಿಗೆ ಸೀದಿತ್ತು. ಒಂದು ಹೋಳಿಗೆಗೆ ಒಂದು ಕಿವಿ.

ತಡೆಯಲಾರದಾದಾಗ ಗುಡ್ಡ ಹತ್ತುತ್ತಿದ್ದೆ. ಅವ್ವ ಬಾಗಿಲಲ್ಲೇ ನನ್ನನ್ನು ಹಿಡಿದುಕೊಂಡು ಒಳಗೆ ಕರೆದೊಯ್ದು, ಬಿಸಿನೀರು ಕಾಯಿಸಿ, ಹರಳೆಣ್ಣೆ ಹಚ್ಚಿ ಮಲಗಿಸುತ್ತಿದ್ದಳು. ಅಪ್ಪ ಜಗಲಿಯಲ್ಲಿ ಕೂತೇ ಇರುತ್ತಿದ್ದ. ಅಪ್ಪ ಕೆಟ್ಟವನು ಎಂದುಬಿಟ್ಟರೆ ನನಗೆ ಸುಲಭ. ಅವನು ಕೆಟ್ಟವನಲ್ಲ, ಹೆದರುವವನು. ಊರಿಗೆ ಹೆದರುತ್ತಿದ್ದ, ನೆಂಟರಿಗೆ ಹೆದರುತ್ತಿದ್ದ, ಎಲ್ಲಕ್ಕಿಂತ ಹೆಚ್ಚಾಗಿ ಪದ್ಧತಿಗೆ ಹೆದರುತ್ತಿದ್ದ. ಕೆಲವು ದಿನ ಕಳೆದ ಮೇಲೆ ಅಳಿಯನಿಗೆ ಸಂತೆಯವರ ಕೈಲಿ ಹೇಳಿ ಕಳಿಸುತ್ತಿದ್ದ. ನನ್ನ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡು, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣವ್ವ. ಹೊಂದ್ಕೊಂಡು ಹೋಗು" ಎನ್ನುತ್ತಿದ್ದ. ಉಣ್ಣುವುದಕ್ಕೂ ಮಲಗುವುದಕ್ಕೂ ಬಿಡದವನ ಜೊತೆ ಆ ಗಾದೆ ನಡೆಯುವುದಿಲ್ಲ ಎಂದು ಅವನಿಗೆ ಯಾರು ಹೇಳಬೇಕು?

ಹೊರಡುವ ಬೆಳಿಗ್ಗೆ ಮಡಿಲು ತುಂಬುತ್ತಿದ್ದರು. ತವರಿನಿಂದ ಹೆಣ್ಣನ್ನು ಬರಿಮಡಿಲಲ್ಲಿ ಕಳಿಸಬಾರದಲ್ಲ. ಅಕ್ಕಿ, ಬೆಲ್ಲದಚ್ಚು, ಗಿಟುಕ ಕೊಬ್ಬರಿ, ವೀಳ್ಯದೆಲೆ ಅಡಿಕೆ, ಅರಿಶಿನದ ಕೊಂಬು, ಎಲ್ಲವನ್ನೂ ಅವ್ವ ನನ್ನ ಸೆರಗಿಗೆ ಸುರಿದು ಸೊಂಟಕ್ಕೆ ಗಂಟು ಹಾಕುತ್ತಿದ್ದಳು. ಒಮ್ಮೆ ತುಂಬಿದ ಮೇಲೆ ಮುಗಿಯಿತು. ತುಂಬಿದ ಮಡಿಲನ್ನು ತವರಿಗೆ ವಾಪಸು ತರಬಾರದು, ತಂದರೆ ಎರಡು ಮನೆಗೂ ಕೇಡು. ಹೆಣ್ಣುಮಕ್ಕಳನ್ನು ಹರಸುವುದಕ್ಕೆ ಮಾಡಿದ ಶಾಸ್ತ್ರವನ್ನು ನಮ್ಮ ಮನೆಯಲ್ಲಿ ಬೀಗ ಮಾಡಿಕೊಂಡಿದ್ದರು. ಆ ಗಂಟು ಬಿದ್ದಾಗಲೆಲ್ಲ ನನಗೆ ಕೊರಳಿಗೆ ಹಗ್ಗ ಬಿದ್ದ ಹಾಗಾಗುತ್ತಿತ್ತು.

ಅಪ್ಪ ಮುಂದೆ, ನಾನು ಹಿಂದೆ. ಅವನು ಹೊರೆಗಲ್ಲಿನ ತನಕ ಬರುತ್ತಿದ್ದ, ಗಂಡ ಆಚೆಯಿಂದ ಹೊರೆಗಲ್ಲಿನ ತನಕ ಬರುತ್ತಿದ್ದ. ಗುಡ್ಡದ ದಾರಿಯನ್ನು ಇಬ್ಬರೂ ಹಾಗೆ ಸಮನಾಗಿ ಹಂಚಿಕೊಂಡಿದ್ದರು. ಕಳಿಸುವ ಹೆಣ್ಣನ್ನು ಹಿಂದಿರುಗಿ ನೋಡಬಾರದೆಂದು ಅಪ್ಪ ಏರಿನುದ್ದಕ್ಕೂ ನನ್ನ ಕಡೆ ತಿರುಗುತ್ತಿರಲಿಲ್ಲ. ನಾನು ಅವನ ಹಿಮ್ಮಡಿಯ ಬಿರುಕುಗಳನ್ನೇ ನೋಡುತ್ತ ಹತ್ತುತ್ತಿದ್ದೆ. ಕಲ್ಲಿನ ಹತ್ತಿರ ಗಂಡ ಬಹಳ ಮರ್ಯಾದೆಯಿಂದ "ಆರಾಮಾ ಮಾವ?" ಎನ್ನುತ್ತಿದ್ದ. ಅಪ್ಪನಿಗೆ ಅಷ್ಟು ಸಾಕಾಗುತ್ತಿತ್ತು. ಆಚೆಯ ಇಳಿಜಾರಿನಲ್ಲಿ ಮೊದಲ ತಿರುವು ದಾಟಿದ ಕೂಡಲೇ, ಅಪ್ಪನಿಗೆ ಕೇಳಿಸದಷ್ಟು ದೂರ ಹೋದೆವೆಂದು ಗೊತ್ತುಮಾಡಿಕೊಂಡು, ಅವನು ಮೊದಲನೆಯ ಏಟು ಕೊಡುತ್ತಿದ್ದ.

ಆಮೇಲೆ ನಾನು ಬಸುರಿಯಾದೆ.

ತೆಂಗಿನ ಸೀಮೆಯ ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಎಳನೀರು ಕೀಳುವುದಿಲ್ಲ. ನೋಡಿದ ಕಡೆಯೆಲ್ಲ ತೆಂಗು, ಆದರೆ ಎಳೆಗಾಯಿಗೆ ಯಾರೂ ಕತ್ತಿ ಹಚ್ಚುತ್ತಿರಲಿಲ್ಲ. ಕಾಯಿ ಮರದಲ್ಲೇ ಬಲಿಯಬೇಕು, ಅಟ್ಟ ಸೇರಬೇಕು, ಅಲ್ಲಿ ತಿಂಗಳುಗಟ್ಟಲೆ ಇದ್ದು ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟು ಗಿಟುಕಾಗಿ ಅಲ್ಲಾಡಬೇಕು. ನಮ್ಮ ಬದುಕೆಲ್ಲ ಆ ಕೊಬ್ಬರಿಯ ಮೇಲೆ. ಎಳೆಗಾಯಿ ಕಿತ್ತರೆ ಭ್ರೂಣಹತ್ಯೆಯ ಪಾಪ ಎಂದು ಹಳಬರು ಹೇಳುತ್ತಿದ್ದರು. ಬಸುರಿಗೆ ಬಯಕೆಯಾದರೂ ಮರಕ್ಕೆ ಕೈ ತೋರಿಸುತ್ತಿರಲಿಲ್ಲ.

ನನಗೆ ಅದೇ ಬಯಕೆಯಾಯಿತು. ಬೇರೆ ಏನು ತಿಂದರೂ ವಾಂತಿ. ಕಣ್ಣು ಮುಚ್ಚಿದರೆ ಎಳನೀರು. ಐದನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಗಂಡ ತಿಪಟೂರಿಗೆ ಹೋಗಿದ್ದ. ತೋಟದಲ್ಲಿ ಮರ ಹತ್ತಿ ಗರಿ ಬಿಡಿಸುತ್ತಿದ್ದ ಆಳನ್ನು ಬೇಡಿಕೊಂಡು ಒಂದೇ ಒಂದು ಎಳನೀರು ಕೀಳಿಸಿದೆ. ಅವನು ಕೆತ್ತಿ ಕೈಗೆ ಕೊಟ್ಟ. ತುಟಿಗೆ ಇಡುವ ಹೊತ್ತಿಗೆ ಗಂಡ ಬದುವಿನ ಮೇಲೆ ನಿಂತಿದ್ದ. ಬಸ್ಸು ಸಿಗದೆ ಹಿಂದಿರುಗಿದ್ದನಂತೆ.

"ಎಳೆಕಾಯಿ ಕೀಳ್ಸಿದ್ಯೇನೇ, ಮನೆಹಾಳಿ" ಎಂದ. ಮೊದಲು ಕಾಯಿಯನ್ನು ಒದ್ದ, ಆಮೇಲೆ ನನ್ನನ್ನು. ಪಾತಿಯೊಳಗೆ ಬಿದ್ದೆ. ಹೊಟ್ಟೆಯನ್ನು ಎರಡು ಕೈಯಲ್ಲೂ ಮುಚ್ಚಿಕೊಂಡೆ. ಅವನು ಕೈಗಳ ಮೇಲೇ ತುಳಿದ. ಆಳು ಮರದ ಬುಡ ಹಿಡಿದುಕೊಂಡು ನಿಂತೇ ಇದ್ದ.

ಮಾರನೆಯ ದಿನ ಬೆಳಕು ಹರಿಯುವ ಮುಂಚೆ ಗುಡ್ಡ ಹತ್ತಿದೆ. ಅವತ್ತಿನ ಏರಿನಷ್ಟು ಉದ್ದದ ದಾರಿ ಈ ಭೂಮಿಯ ಮೇಲೆ ಇರಲಾರದು. ನಾಲ್ಕು ಹೆಜ್ಜೆ ಇಡುವುದು, ಕೂರುವುದು. ಸೀರೆಯಲ್ಲಿ ರಕ್ತ ಕಾಣಿಸಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕೊಂದದ್ದು ಇನ್ನೊಂದು. ಆ ವಾರವಷ್ಟೇ ಹೊಟ್ಟೆಯೊಳಗೆ ಮಗು ಮೊದಲ ಸಲ ಮಿಸುಕಾಡಿತ್ತು, ಅಂಗೈಯಲ್ಲಿ ಮೀನುಮರಿ ಹಿಡಿದ ಹಾಗೆ. ತುಳಿತ ಬಿದ್ದ ಮೇಲೆ ಅದು ಅಲ್ಲಾಡಲೇ ಇಲ್ಲ. ಹೊರೆಗಲ್ಲಿನ ಕಂಬಕ್ಕೆ ಹಣೆ ಹಚ್ಚಿ ನಿಂತು, ನನ್ನ ಹೆಸರಿನಲ್ಲಿ ಇನ್ನೊಂದು ಕಲ್ಲು ನೆಡಿಸಬೇಡ ತಾಯಿ ಎಂದು ಆ ಹೆಸರಿಲ್ಲದವಳನ್ನು ಬೇಡಿಕೊಂಡೆ.

ರಕ್ತವೇನೋ ನಿಂತಿತು. ಮಗು ಮಾತ್ರ ಮಿಸುಕಲಿಲ್ಲ. ಸೂಲಗಿತ್ತಿ ಬಂದು ಕಿವಿಗೊಟ್ಟು ಕೇಳಿ, ಅಮುಕಿ ನೋಡಿ, "ಹೌದು ಅನ್ನಂಗೂ ಇಲ್ಲ, ಇಲ್ಲ ಅನ್ನಂಗೂ ಇಲ್ಲ. ಕಾಯ್ಬೇಕು" ಎಂದು ಹೋದಳು. ಅವ್ವ ಬೆಳಿಗ್ಗೆ ಎದ್ದ ಕೂಡಲೇ ಒಲೆಯ ಹತ್ತಿರ ಅಂಗೈ ಬೆಚ್ಚಗೆ ಮಾಡಿಕೊಂಡು ನನ್ನ ಹೊಟ್ಟೆಯ ಮೇಲಿಟ್ಟು ಕೂರುತ್ತಿದ್ದಳು. ಕೈ ತೆಗೆಯುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಒಂದು ದಿನ ಏನಾಯಿತೆಂದು ಕೇಳಿದಳು. ಎಳನೀರಿನ ವಿಷಯ ಹೇಳಿದೆ. ಕೇಳಿಸಿಕೊಂಡು ಎದ್ದು ಹೋಗಿ ರಾಗಿ ಬೀಸತೊಡಗಿದಳು. ಅವತ್ತು ಕಲ್ಲು ತಿರುಗಿದ ಸದ್ದು ಬೀದಿಯ ಕೊನೆಯ ತನಕ ಕೇಳಿಸಿರಬೇಕು.

ಸೋಮವಾರ ಅಳಿಯ ಹೊರೆಗಲ್ಲಿನ ಹತ್ತಿರ ಬರುತ್ತಾನೆಂದು ಸುದ್ದಿ ಬಂತು. ಅಪ್ಪ ಒಳಗೆ ಬಂದು ಅವ್ವನಿಗೆ, "ಮಡ್ಲು ತುಂಬು" ಎಂದ.

"ಮಗ ಐತೋ ಇಲ್ವೋ ಗೊತ್ತಿಲ್ಲ. ಈಗ ಕಳಿಸ್ತೀರಾ?" ಎಂದಳು ಅವ್ವ.

"ಅಲ್ಲೇ ಇದ್ರೆ ಅವನಿಗೂ ಕರುಣೆ ಬತ್ತದೆ. ಇಲ್ಲಿ ಏನಾರ ಹೆಚ್ಚುಕಮ್ಮಿ ಆದ್ರೆ ನಮ್ಮ ತಲೆ ಮೇಲೆ ಬತ್ತದೆ."

ಸೋಮವಾರ ಬೆಳಿಗ್ಗೆ ಅವ್ವ ಯಾವತ್ತಿನ ಹಾಗೆ ಮಡಿಲು ತುಂಬಿದಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಆ ಕೈಯನ್ನು ಕಚ್ಚಬೇಕೆನ್ನಿಸುವಷ್ಟು ಸಿಟ್ಟು ಬಂದಿತ್ತು. ಗಂಟು ಹಾಕಿ ಮುಗಿಸಿ ಅವಳು ಒಳಗೆ ಹೋಗಿ ಹಬ್ಬದ ಸೀರೆ ಉಟ್ಟುಕೊಂಡು, ಬಟ್ಟೆ ಮುಚ್ಚಿದ ಒಂದು ಕುಕ್ಕೆಯನ್ನು ತಲೆಯ ಮೇಲಿಟ್ಟುಕೊಂಡು ಬಂದಳು.

"ನಾನೂ ಬತ್ತೀನಿ" ಎಂದಳು.

"ಗುಡ್ಡ ಹತ್ತಕ್ಕಾಯ್ತದಾ ನಿನ್ ಕೈಲಿ?" ಎಂದ ಅಪ್ಪ. ಕುಕ್ಕೆಯಲ್ಲಿ ಬೀಗರಿಗೆ ತಂಬಿಟ್ಟು ಇರಬೇಕೆಂದುಕೊಂಡು ಮುಂದೆ ನಡೆದ. ಈ ಊರಿಗೆ ಮದುವೆ ಆಗಿ ಬಂದ ಮೇಲೆ ಅವ್ವ ಒಮ್ಮೆಯೂ ಆ ದಾರಿ ತುಳಿದವಳಲ್ಲ. ಲಂಟಾನ ಅವಳ ತೋಳು ಗೀರಿತು, ಕೆಂಪು ಕಲ್ಲಿನ ಮೇಲೆ ಜಾರಿ ಮೊಣಕಾಲು ಒಡೆದುಕೊಂಡಳು. ನಿಲ್ಲಲಿಲ್ಲ. ಕುಕ್ಕೆಯನ್ನು ಯಾರ ಕೈಗೂ ಕೊಡಲಿಲ್ಲ.

ಗಂಡ ಆಗಲೇ ಬಂದು ಹೊರೆಗಲ್ಲಿನ ನೆರಳಿನಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ. ಅತ್ತೆಯನ್ನು ನೋಡಿ ಎದ್ದು ನಿಂತ. ಆ ಕಾಲದಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುತ್ತಿರಲಿಲ್ಲ, ಬಾಗಿಲ ಮರೆಯಿಂದಲೇ ಎಲ್ಲ. ಗುಡ್ಡದ ಮೇಲೆ ಬಾಗಿಲೆಲ್ಲಿ? ಅವ್ವ ಅವನ ಎದುರಿಗೇ ಹೋಗಿ ಕುಕ್ಕೆಯನ್ನು ಚಪ್ಪಡಿಯ ಮೇಲೆ ಜಾರಿಸಿದಳು.

"ಬಸುರಿ ಹೆಂಗ್ಸು ಕಣಪ್ಪ, ಇನ್ಮೇಲೆ ಕೈ ಮಾಡ್ಬ್ಯಾಡ" ಎಂದ ಅಪ್ಪ, ನೆಲ ನೋಡುತ್ತ.

"ನಮ್ಮನೆ ವಿಚಾರ ನಮಗೆ ಬುಡಿ ಮಾವ" ಎಂದ ಅವನು.

ಅವ್ವ ಕುಕ್ಕೆಯ ಮೇಲಿನ ಬಟ್ಟೆ ತೆಗೆದಳು. ಒಳಗೆ ಒಂದು ಎಳನೀರು, ಒಂದು ಮಚ್ಚು. ನಮ್ಮ ಹಿತ್ತಲ ಮರದ್ದೇ ಕಾಯಿ ಅದು. ಯಾರ ಕೈಲಿ ಕೀಳಿಸಿದಳೋ, ಅಪ್ಪನ ಕಣ್ಣು ಹೇಗೆ ತಪ್ಪಿಸಿದಳೋ. ಅವ್ವ ಕಾಯಿಯನ್ನು ಅಂಗೈಯಲ್ಲಿಟ್ಟುಕೊಂಡು ಕೆತ್ತಿ, ಬಾಯಿ ತೆರೆದು, ಮಚ್ಚಿನ ಅಲಗನ್ನು ತನ್ನ ಕಡೆ ತಿರುಗಿಸಿಕೊಂಡು ಕಾಯಿಯನ್ನು ನನ್ನ ಕೈಗೆ ಕೊಟ್ಟಳು.

"ಕುಡಿ" ಎಂದಳು.

ಕುಡಿದೆ. ಗಂಡ ನಗುತ್ತಿದ್ದ. "ಅವ್ವಂಗೂ ಮಗಳಿಗೂ ಒಂದೇ ಚಾಳಿ" ಎಂದವನು ಮರುಕ್ಷಣವೇ ಕಾಯಿಗೆ ಕೈಬೀಸಿದ. ಅದರ ಅಂಚು ನನ್ನ ಹಲ್ಲಿಗೆ ಬಡಿದು ತುಟಿ ಸೀಳಿತು. ಸಿಹಿನೀರಿನ ಮೇಲೆ ರಕ್ತದ ಉಪ್ಪು ಬಾಯಿಗೆ ಬಂತು. ಅವನು ನನ್ನ ಜಡೆ ಹಿಡಿದು ಬಗ್ಗಿಸಿದ. ಅಪ್ಪನ ಎದುರಿಗೇ. ತಿರುವು ದಾಟುವ ತನಕವೂ ಕಾಯಲಿಲ್ಲ. ಅವನ ಕಾಲು ನೆಲ ಬಿಟ್ಟು ಮೇಲೆದ್ದದ್ದನ್ನು ಕಂಡೆ, ಅದು ಎಲ್ಲಿಗೆ ಬರುತ್ತದೆಂದು ನನಗೆ ಗೊತ್ತಿತ್ತು.

ಬರಲಿಲ್ಲ. ಒಣಗಿದ ಸೌದೆ ಮುರಿದ ಹಾಗೆ ಸದ್ದಾಯಿತು. ಜಡೆಯ ಮೇಲಿನ ಹಿಡಿತ ಸಡಿಲವಾಯಿತು. ಅವ್ವ ಮಚ್ಚಿನ ಬೆನ್ನಿನಿಂದ ಅವನ ಮುಂಗೈಗೆ ಹೊಡೆದಿದ್ದಳು. ಅವನು ಕೂಗುವ ಮುಂಚೆ ಇನ್ನೊಂದು ಕೊಟ್ಟಳು, ಭುಜಕ್ಕೆ. ಅವನು ಕಲ್ಲಿನ ಬುಡದಲ್ಲಿ ಕುಸಿದ. ಮೂರನೆಯದಕ್ಕೆ ಎತ್ತಿದ ಕೈಯನ್ನು ಅಪ್ಪ ಹಿಡಿದುಕೊಂಡ, ಇಲ್ಲದಿದ್ದರೆ ಅವತ್ತು ನಾನು ಅಲ್ಲೇ ವಿಧವೆಯಾಗುತ್ತಿದ್ದೆ. ಬೆನ್ನಿನಿಂದ ಯಾಕೆ ಹೊಡೆದೆ, ಪಾಪ ಎನ್ನಿಸಿತಾ ಎಂದು ಎಷ್ಟೋ ವರ್ಷ ಆದ ಮೇಲೆ ಅವ್ವನನ್ನು ಕೇಳಿದ್ದೆ. "ಮಚ್ಚು ತಿರುಗ್ಸಿ ಹಿಡ್ಕೊಳಕ್ಕೆ ಪುರ್ಸೊತ್ತಾಗ್ಲಿಲ್ಲ ಕಣೇ" ಎಂದಿದ್ದಳು.

ಅವನು ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಅಪ್ಪನನ್ನು ನೋಡಿದ. ಅಪ್ಪ ಎಂದಿನ ಹಾಗೆ ತನ್ನ ಪರವಾಗಿಯೇ ಮಾತಾಡುತ್ತಾನೆಂದು ಅಂದುಕೊಂಡಿದ್ದನೋ ಏನೋ. ಮಾತಾಡಿದವಳು ಅವ್ವ.

"ಎಳೆಕಾಯಿ ಕೀಳಬಾರ್ದು ಅಂತ ಹೊಟ್ಟೆ ತುಳಿದ್ಯಲ್ಲಪ್ಪ. ಹೊಟ್ಟೇಲಿ ಇರೋದು ಬಲಿತ ಕಾಯಾ?"

ಅವನು ಎದ್ದು ಆಚೆಯ ಇಳಿಜಾರಿಗೆ ತಿರುಗಿ, ತೂರಾಡುತ್ತ ಇಳಿದು ಹೋದ. ಊರಿನಲ್ಲಿ ಬಂಡೆಯ ಮೇಲೆ ಜಾರಿ ಬಿದ್ದೆ ಎಂದು ಹೇಳಿಕೊಂಡನಂತೆ. ಅತ್ತೆ ಹೊಡೆದು ಕೈ ಮುರಿದಳು ಎಂದು ಯಾವ ಗಂಡಸು ಹೇಳಿಯಾನು? ನನ್ನನ್ನು ಕರೆಯುವುದಕ್ಕೆ ಅವನು ಮತ್ತೆ ಬರಲಿಲ್ಲ.

ಅವ್ವ ನನ್ನ ತುಟಿಯ ರಕ್ತವನ್ನು ಹಬ್ಬದ ಸೀರೆಯ ಸೆರಗಿನಿಂದಲೇ ಒರೆಸಿ, "ನಡಿ ಮನೆಗೆ" ಎಂದಳು.

ಆಗಲೂ ಅಪ್ಪನ ಬಾಯಲ್ಲಿ ಬಂದದ್ದು ಏನು ಗೊತ್ತೇ? "ತುಂಬಿದ ಮಡ್ಲು ವಾಪಸ್ ತರಬಾರ್ದಲ್ಲ" ಎಂದ. ಮಗಳ ತುಟಿ ಸೀಳಿದೆ, ಅಳಿಯನ ಕೈ ಮುರಿದಿದೆ, ಅವನಿಗೆ ಅಕ್ಕಿ ಕೊಬ್ಬರಿಯ ಚಿಂತೆ. ನನಗೆ ನಗುವೂ ಬಂತು, ಎದೆ ಎದೆ ಬಡಿದುಕೊಂಡು ಅಳಬೇಕೆಂದೂ ಅನ್ನಿಸಿತು.

"ತರಲ್ಲ" ಎಂದಳು ಅವ್ವ.

ನನ್ನ ಸೊಂಟದ ಗಂಟಿಗೆ ಕೈ ಹಾಕಿದಳು. ಬೆಳಿಗ್ಗೆ ಹಾಕಿದ್ದು ಅವಳೇ, ಆದರೂ ಬಿಚ್ಚುವುದಕ್ಕೆ ಹೊತ್ತು ಹಿಡಿಯಿತು. ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ಅರಿಶಿನ, ಒಂದು ಕಾಳನ್ನೂ ಉಳಿಸದೆ ಹೊರೆಗಲ್ಲಿನ ಚಪ್ಪಡಿಯ ಮೇಲೆ ಸುರಿದಳು. ಕಲ್ಲಿಗೆ ಎರಡು ಕೈಯಲ್ಲೂ ಮುಗಿದಳು.

"ಈ ಕಲ್ಲಿನವಳಿಗೆ ಯಾರೂ ತುಂಬಿರಲ್ಲ. ಇವಳಿಗೆ ಕೊಟ್ಟೆ ಅಂದ್ಕೊಳ್ಳಿ" ಎಂದಳು ಅಪ್ಪನಿಗೆ.

ಅಪ್ಪ ಆ ಅಕ್ಕಿಯನ್ನು ನೋಡಿದ. ಆಮೇಲೆ ಕೆಳಗೆ ಬಿದ್ದಿದ್ದ ಎಳನೀರಿನ ಕಾಯಿಯನ್ನು ಎತ್ತಿಕೊಂಡು, ಮಣ್ಣು ಒರೆಸಿ, ಒಳಗೆ ಒಂದೆರಡು ಗುಟುಕು ಉಳಿದಿದ್ದನ್ನು ನೋಡಿ ನನಗೆ ಕೊಟ್ಟ. ಅವನ ಕೈಯಿಂದ ತೆಗೆದುಕೊಳ್ಳಬಾರದು ಎನ್ನಿಸುವಷ್ಟು ಸಿಟ್ಟಿತ್ತು ನನಗೆ. ಬಾಯಾರಿಕೆಯೂ ಅಷ್ಟೇ ಇತ್ತು. ತೆಗೆದುಕೊಂಡು ಕುಡಿದೆ.

ಇಳಿಯುವಾಗ ಅವ್ವ ಮುಂದೆ, ನಾನು ನಡುವೆ, ಅಪ್ಪ ಹಿಂದೆ. ಆ ದಾರಿಯಲ್ಲಿ ಅಪ್ಪ ನನ್ನ ಹಿಂದೆ ನಡೆದದ್ದು ಅದೇ ಮೊದಲು. ಬರಿಯ ಮಡಿಲು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಕೆಂಪು ಕಲ್ಲಿನ ಇಳಿಜಾರು ಮುಗಿದು ಲಂಟಾನದ ಪೊದೆಗಳು ಶುರುವಾಗುವ ಕಡೆ ನಾನು ತಟ್ಟನೆ ನಿಂತೆ. ಹೊಟ್ಟೆಯೊಳಗೆ ಏನೋ ಹೊರಳಿತು. ಉಸಿರು ಬಿಗಿಹಿಡಿದೆ. ಮತ್ತೆ ಹೊರಳಿತು. ಈ ಸಲ ಮೀನುಮರಿಯ ಹಾಗಲ್ಲ, ಒಳಗಿನಿಂದ ಗಟ್ಟಿಯಾಗಿ ಒಂದು ಒದೆ ಬಿತ್ತು. ದಾರಿಯಲ್ಲೇ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ.

"ಏನಾಯ್ತು? ಏನಾಯ್ತವ್ವ?" ಎಂದು ಅಪ್ಪ ಹಿಂದಿನಿಂದ ಓಡಿಬಂದ.

ಅವ್ವ ಆಗಲೇ ಮಂಡಿಯೂರಿ ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟಿದ್ದಳು. ಅದೇ ಕೈ, ಮಚ್ಚು ಹಿಡಿದಿದ್ದು. ಕಣ್ಣು ಮುಚ್ಚಿಕೊಂಡು ಕಾದಳು. ಅದು ಇನ್ನೊಂದು ಸಲ ಒದ್ದಿತು.

"ಹೆಣ್ಣೇ ಇರ್ಬೇಕು" ಎಂದಳು. "ಒದಿಯೋದು ಕಲ್ತ್ಕೊಂಡೇ ಬತ್ತಾ ಐತೆ."